ಮಗನ ಮೊಣಕಾಲು ಮತ್ತು ಆ 60 ಅಂಕ

ಪ್ರಶ್ನೆ: ನಾವು ಹಾಸನದವರು. 20 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲೇ ಬೆಳೆದ ನನ್ನ ಮಗನಿಗೆ ಈಗ 24 ವರ್ಷ. ಅಮೆರಿಕದ ಸೇನೆಯಲ್ಲಿ ಸಾಮಾನು ಸರಬರಾಜು ನೋಡಿಕೊಳ್ಳುವ ವಿಭಾಗದಲ್ಲಿದ್ದಾನೆ. ಬ್ಯಾಸ್ಕೆಟ್‌ಬಾಲ್ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ವರ್ಷ ಕಳೆದ ಮೇಲೆ ಈಗ ಅವನ ಕಾಗದದಲ್ಲಿ ‘ಪರ್ಮನೆಂಟ್, ಎಲ್ 2’ ಎಂದು ಬರೆದು, ಓಡಬಾರದು ಎಂದಿದ್ದಾರಂತೆ. ‘ಓಟದ ಬದಲು ಬೇರೆ ಏನೋ ಮಾಡಿಸ್ತಾರೆ, ಪಾಸಾದ್ರೆ 60 ಅಂಕ ಕೊಡ್ತಾರೆ, ಬಿಡಮ್ಮ’ ಅಂತಾನೆ. ಮೊದಲು ಓಟದಲ್ಲಿ 90ರ ಮೇಲೆ ತೆಗೆಯುತ್ತಿದ್ದ ಹುಡುಗ. ಈಗ ದನಿ ಸಪ್ಪಗಿದೆ. 60 ಅಂದರೆ ಪಾಸೇ? ಸಾರ್ಜೆಂಟ್ ಆಗುವ ಆಸೆ ಬಿಡಬೇಕೇ? ಕೆಲಸದಿಂದಲೇ ತೆಗೆದುಬಿಡುತ್ತಾರಾ?

ಉತ್ತರ: ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇಲ್ಲದಿದ್ದರೆ ಉಳಿದದ್ದನ್ನು ನೀವು ನೆಮ್ಮದಿಯಿಂದ ಓದುವುದಿಲ್ಲ. ‘ಎಲ್ 2’ ಎಂದು ಬರೆದ ಮಾತ್ರಕ್ಕೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. 60 ಅಂದರೆ ಪಾಸೇ. ಸಾರ್ಜೆಂಟ್ ಆಗಲೂ ಅಡ್ಡಿಯಿಲ್ಲ. ಆದರೆ ಅಲ್ಲಿ ಅವನಿಗೆ ಒಂದು ನಷ್ಟವಿದೆ. ಅವನ ದನಿ ಸಪ್ಪಗಾಗಿದ್ದು ಅದಕ್ಕೇ ಇರಬೇಕು. ಆ ನಷ್ಟ ಎಷ್ಟು, ಎಲ್ಲಿಂದ ಬರುತ್ತದೆ, ಎಲ್ಲಿ ತುಂಬಿಕೊಳ್ಳಬಹುದು ಎಂದು ನಿಧಾನವಾಗಿ ಹೇಳುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ಇಂಥ ಮೊಣಕಾಲುಗಳ ಜೊತೆ, ಇಂಥ ಕಾಗದಗಳ ಜೊತೆ ಹಲವು ವರ್ಷ ಕೆಲಸ ಮಾಡಿದ್ದೇನೆ. ಕೆಲವು ಸಲ ಮೊಣಕಾಲಿಗಿಂತ ಕಾಗದವೇ ಸೈನಿಕರನ್ನು ಜಾಸ್ತಿ ನೋಯಿಸುವುದನ್ನು ಕಂಡಿದ್ದೇನೆ.

ಮೊದಲು ಪರೀಕ್ಷೆ ಏನು ಅಂತ ನೋಡೋಣ. 2025ರ ಜೂನ್ 1ರಿಂದ ಅಮೆರಿಕದ ಸೇನೆಯಲ್ಲಿ ನಡೆಯುವುದು ಆರ್ಮಿ ಫಿಟ್‌ನೆಸ್ ಟೆಸ್ಟ್. ಚಿಕ್ಕದಾಗಿ ಎಎಫ್‌ಟಿ ಅನ್ನುತ್ತಾರೆ. ಐದು ಭಾಗ. ಮೊದಲು ಡೆಡ್‌ಲಿಫ್ಟ್, ಅಂದರೆ ನೆಲದಿಂದ ಭಾರ ಎತ್ತುವುದು, ಮೂರು ಸಲ. ಆಮೇಲೆ ಪುಷ್‌ಅಪ್. ನಮ್ಮ ಗರಡಿಯ ದಂಡದ ಹಾಗಲ್ಲ, ಪ್ರತಿ ಸಲ ಎದೆ ನೆಲಕ್ಕೆ ತಾಗಿಸಿ ಕೈ ಎರಡೂ ಬದಿಗೆ ಚಾಚಬೇಕು. ಮೂರನೆಯದು ಸ್ಪ್ರಿಂಟ್-ಡ್ರ್ಯಾಗ್-ಕ್ಯಾರಿ. 50 ಮೀಟರ್‌ನ ಐದು ಸುತ್ತು. ಓಡುವುದು, 90 ಪೌಂಡಿನ ಸ್ಲೆಡ್, ಅಂದರೆ ಚಕ್ರವಿಲ್ಲದ ಬಂಡಿ ಎಳೆಯುವುದು, ಅಡ್ಡಡ್ಡ ಹೆಜ್ಜೆ ಹಾಕುವುದು, 40 ಪೌಂಡಿನ ಎರಡು ಕೆಟಲ್‌ಬೆಲ್ ಹೊತ್ತು ಹೋಗುವುದು, ಮತ್ತೆ ಓಡುವುದು. ನಾಲ್ಕನೆಯದು ಪ್ಲ್ಯಾಂಕ್. ಮೊಣಕೈ ಊರಿ ಮೈ ನೆಟ್ಟಗೆ ಹಿಡಿದು ನಿಲ್ಲಿಸುವುದು. ಕೊನೆಗೆ ಎರಡು ಮೈಲಿ ಓಟ. ಒಂದೊಂದಕ್ಕೂ 100 ಅಂಕ, ಒಟ್ಟು 500. ಪ್ರತಿಯೊಂದರಲ್ಲೂ ಕಡೇಪಕ್ಷ 60 ಬರಬೇಕು. ಐದು 60 ಸೇರಿದರೆ 300. ಸರಬರಾಜು ವಿಭಾಗದ ನಿಮ್ಮ ಮಗನಿಗೆ ಬೇಕಾದ್ದು ಅಷ್ಟೇ. ಕಾಲಾಳುಪಡೆಯಂಥ 21 ಯುದ್ಧದ ಕೆಲಸಗಳಿಗೆ ಮಾತ್ರ 350 ಬೇಕು, ಅಲ್ಲಿ ಗಂಡು ಹೆಣ್ಣೆಂಬ ಬೇರೆ ಬೇರೆ ಪಟ್ಟಿಯೂ ಇಲ್ಲ. ಆ 21ರಲ್ಲಿ ಒಂದರಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಲೆಕ್ಕವನ್ನು ಹಾಗೇ ನಿಮಗೆ ಹೊಂದಿಸಿಕೊಳ್ಳಬೇಡಿ.

ಹಳಬರು ಹೇಳುವ ಪರೀಕ್ಷೆ ಬೇರೆ. 1980ರಿಂದ ಸುಮಾರು ನಲವತ್ತು ವರ್ಷ ಮೂರೇ ಭಾಗದ ಪರೀಕ್ಷೆ ಇತ್ತು. ಪುಷ್‌ಅಪ್, ಸಿಟ್‌ಅಪ್, ಎರಡು ಮೈಲಿ ಓಟ, 300 ಅಂಕ. 2022ರಲ್ಲಿ ಆರು ಭಾಗದ, 600 ಅಂಕದ ಪರೀಕ್ಷೆ ಲೆಕ್ಕಕ್ಕೆ ಬಂತು. ಅದರಿಂದ ತಲೆಯ ಮೇಲಿಂದ ಹಿಂದಕ್ಕೆ ಭಾರದ ಚೆಂಡು ಎಸೆಯುವ ಭಾಗ ತೆಗೆದು ಈಗಿನದು ಮಾಡಿದ್ದಾರೆ. ಇದನ್ನು ಯಾಕೆ ಹೇಳಿದೆನೆಂದರೆ, ಗಾಯವಾದವರ ಬಗ್ಗೆ ಬರಾಕಿನಲ್ಲಿ ಓಡಾಡುವ ಸಲಹೆಗಳಲ್ಲಿ ಅರ್ಧಕ್ಕರ್ಧ ಹಳೇ ಪರೀಕ್ಷೆಯವು. ‘ನಡೆದರೆ ಸಾಕು, 34 ನಿಮಿಷ ಇದೆ’ ಎಂದು ಯಾರಾದರೂ ಹಳೇ ಸಾರ್ಜೆಂಟ್ ಹೇಳಿದರೆ ಅದು ಸುಳ್ಳಲ್ಲ, ಆದರೆ ಆ ಕಾಲ ಮುಗಿದಿದೆ.

ಇನ್ನು ಆ ಕಾಗದಕ್ಕೆ ಬರೋಣ. ಸೇನೆಯಲ್ಲಿ ಅದಕ್ಕೆ ‘ಪ್ರೊಫೈಲ್’ ಅನ್ನುತ್ತಾರೆ. ಮನುಷ್ಯನ ದೇಹವನ್ನು ಆರು ಮನೆಗಳಾಗಿ ಮಾಡಿ, ಒಂದೊಂದಕ್ಕೂ 1ರಿಂದ 4ರವರೆಗೆ ಒಂದು ಅಂಕಿ ಕೊಡುತ್ತಾರೆ. ಒಟ್ಟಾರೆ ದೇಹಶಕ್ತಿ, ತೋಳು ಮತ್ತು ಮೇಲ್ಭಾಗ, ಕಾಲು ಮತ್ತು ಕೆಳಭಾಗ, ಕಿವಿ, ಕಣ್ಣು, ಮನಸ್ಸು. ಆರರ ಇಂಗ್ಲಿಷ್ ಅಕ್ಷರ ಸೇರಿಸಿ ‘ಪುಲ್‌ಹೆಸ್’ ಎಂದು ಹೆಸರು. ನಿಮ್ಮಲ್ಲಿ ಕೊಡಗಿನ ಕಡೆಯ ನೆಂಟರಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಭಾರತದ ಸೇನೆಯಲ್ಲಿದ್ದವರಿದ್ದರೆ, ‘ಶೇಪ್ ಒನ್’ ಎಂಬ ಮಾತು ಕೇಳಿರುತ್ತೀರಿ. ಅದೂ ಇದರ ಹಾಗೆಯೇ. ಅಲ್ಲಿ ಕೈಕಾಲು ಎರಡಕ್ಕೂ ಒಂದೇ ಅಕ್ಷರ, ಇಲ್ಲಿ ಕೈಗೆ ಬೇರೆ ಕಾಲಿಗೆ ಬೇರೆ. ನಿಮ್ಮ ಮಗನ ‘ಎಲ್’ ಅಂದರೆ ಕಾಲು. ‘2’ ಅಂದರೆ ತೊಂದರೆ ಇದೆ, ಕೆಲವು ಕೆಲಸಕ್ಕೆ ಮಿತಿ ಇದೆ, ಆದರೆ ಸೈನಿಕನಾಗಿ ಮುಂದುವರಿಯಬಹುದು. ‘1’ ಬಿಟ್ಟು ಬೇರೆ ಯಾವ ಅಂಕಿ ಬಂದರೂ ಗಾಬರಿಯಾಗುವುದು ಸಹಜ. ಆದರೆ 2ಕ್ಕೂ 3ಕ್ಕೂ ನಡುವೆ ದೊಡ್ಡ ಗೋಡೆಯಿದೆ. ನಿಮ್ಮ ಮಗ ಗೋಡೆಯ ಈಚೆ ಇದ್ದಾನೆ.

ಆ ಗೋಡೆ ಎಲ್ಲಿದೆ ಅಂತ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದು ಓಟದಲ್ಲಿ ಇಲ್ಲ. ಪ್ರೊಫೈಲ್ ಬರೆಯುವ ವೈದ್ಯರು ಕೇಳಿಕೊಳ್ಳುವ ಕೆಲವು ನೇರ ಪ್ರಶ್ನೆಗಳಿವೆ. ಬಂದೂಕು ಹೊತ್ತು ಹಾರಿಸಬಲ್ಲನೇ? ರಕ್ಷಣೆಯ ಉಡುಪು ತೊಟ್ಟು ಸೇನೆಯ ಗಾಡಿಯಲ್ಲಿ ಕೂತು ಹೋದರೆ ನೋವು ಜಾಸ್ತಿಯಾಗದೇ? ಹೆಲ್ಮೆಟ್, ಗುಂಡು ತಡೆಯುವ ಕವಚ, ಸಾಮಾನಿನ ಪಟ್ಟಿ ಹಾಕಿಕೊಳ್ಳಬಲ್ಲನೇ? ವಿಷಾನಿಲದ ಮುಖವಾಡ ಮತ್ತು ಉಡುಪನ್ನು ಬಿಡದೆ ಎರಡು ಗಂಟೆ ತೊಟ್ಟಿರಬಲ್ಲನೇ? 40 ಪೌಂಡು, ಅಂದರೆ ಸುಮಾರು 18 ಕೆಜಿ ಹೊತ್ತು 100 ಗಜ ಸಾಗಬಲ್ಲನೇ? ಯಾವ ಊರಿನ ಯಾವ ಹವೆಯಲ್ಲಾದರೂ ಇರಬಲ್ಲನೇ? ಇವುಗಳಲ್ಲಿ ಒಂದಕ್ಕಾದರೂ ಖಾಯಂ ‘ಇಲ್ಲ’ ಬಿದ್ದರೆ ಅಂಕಿ 3ಕ್ಕೆ ಹೋಗುತ್ತದೆ. ಆಗ ವೈದ್ಯಕೀಯ ಮಂಡಳಿಯೋ, ಈಗಿನ ಕೆಲಸ ಮಾಡಬಲ್ಲನೇ ಎಂದು ನೋಡುವ ಇನ್ನೊಂದು ಪರಿಶೀಲನೆಯೋ ಶುರುವಾಗುತ್ತದೆ. ಎರಡು ಮೈಲಿ ಓಡಲಾಗದು ಎಂಬುದು ಈ ಪಟ್ಟಿಯಲ್ಲಿ ಇಲ್ಲ ನೋಡಿ. ಓಡಲಾಗದ, ಆದರೆ ಒಳ್ಳೆಯ ಸೈನಿಕರಾಗಿರುವ ಎಷ್ಟೋ ಜನ ಇದ್ದಾರೆ. ಹಾಗಾಗಿ ‘ತೆಗೆದುಬಿಡುತ್ತಾರಾ’ ಎಂಬ ಭಯವನ್ನು ಫಿಟ್‌ನೆಸ್ ಅಂಕದ ಜೊತೆ ಗಂಟು ಹಾಕಬೇಡಿ. ಅವೆರಡೂ ಬೇರೆ ಬೇರೆ ದಾರಿ.

ಒಂದು ಕಡೆ ಮಾತ್ರ ಆ ದಾರಿಗಳು ಕೂಡುತ್ತವೆ. ಅವನಿಗೆ ಏನೇನು ಮಾಡಬಹುದು ಎಂದು ಬರೆದಿದ್ದಾರೋ ಅದರಲ್ಲಿ ಫೇಲಾದರೆ ಅದು ಎಲ್ಲರ ಹಾಗೆ ಫೇಲೇ. ಬಡ್ತಿ, ಕೋರ್ಸುಗಳು ನಿಂತುಬಿಡುತ್ತವೆ. ಮತ್ತೆ ಮತ್ತೆ ಫೇಲಾದರೆ ಕೆಲಸಕ್ಕೇ ಕುತ್ತು. ಪ್ರೊಫೈಲ್ ಇದೆ ಎಂದು ಅಲ್ಲಿ ರಿಯಾಯಿತಿ ಸಿಗುವುದಿಲ್ಲ.

ಪ್ರೊಫೈಲ್‌ನಲ್ಲಿ ಎರಡು ಬಗೆ. ತಾತ್ಕಾಲಿಕ ಮತ್ತು ಖಾಯಂ. ನಿಮ್ಮ ಮಗ ಆಪರೇಷನ್ ಆದ ಮೇಲೆ ವರ್ಷದ ಹತ್ತಿರ ತಾತ್ಕಾಲಿಕದಲ್ಲಿದ್ದ ಅನ್ನಿಸುತ್ತದೆ. ಅಷ್ಟರೊಳಗೆ ಪೂರ್ತಿ ಗುಣವಾಗದಿದ್ದರೆ ಖಾಯಂ ಬರೆಯುವುದು ರೂಢಿ. ತಾತ್ಕಾಲಿಕದಲ್ಲಿ ಇರುವವರಿಗೆ ಒಂದು ಒಳ್ಳೆಯ ರಕ್ಷಣೆ ಇದೆ. ಪ್ರೊಫೈಲ್ ಮುಗಿದ ಮಾರನೇ ದಿನವೇ ಪರೀಕ್ಷೆಗೆ ನಿಲ್ಲಿಸುವಂತಿಲ್ಲ. ಎಷ್ಟು ದಿನ ಪ್ರೊಫೈಲ್‌ನಲ್ಲಿದ್ದನೋ ಅದರ ಎರಡರಷ್ಟು ದಿನ ತಯಾರಿಗೆ ಕೊಡಬೇಕು. ಆದರೆ 90 ದಿನ ಮೀರುವಂತಿಲ್ಲ. 20 ದಿನದ ಜ್ವರಕ್ಕೋ ಉಳುಕಿಗೋ ಪ್ರೊಫೈಲ್ ಇದ್ದರೆ 40 ದಿನ. 60 ದಿನವಿದ್ದರೆ ಎರಡರಷ್ಟು 120 ಆಗುತ್ತದೆ, ಆದರೂ ಸಿಗುವುದು 90. ಈ ನಿಯಮ ಗೊತ್ತಿಲ್ಲದೆ, ಅಥವಾ ಗೊತ್ತಿದ್ದೂ ಕೇಳಲು ನಾಚಿ, ಸೀದಾ ಹೋಗಿ ಓಡಿ ಮತ್ತೆ ಗಾಯ ಮಾಡಿಕೊಂಡವರನ್ನು ನೋಡಿದ್ದೇನೆ. ಹರಿದದ್ದು ಒಂದು ಸಲ ಹೊಲಿದಾಗಿರುತ್ತದೆ. ಎರಡನೇ ಸಲ ಹೊಲಿಯುವುದು ಕಷ್ಟ. ಹೆರಿಗೆಯಾದ ಹೆಣ್ಣುಮಕ್ಕಳಿಗೂ ಇಂಥದ್ದೇ ರಕ್ಷಣೆ. 2022ರ ಏಪ್ರಿಲ್‌ನಿಂದ ಹೆರಿಗೆಯ ನಂತರ 365 ದಿನ ಅವರನ್ನು ದಾಖಲೆಯ ಪರೀಕ್ಷೆಗೆ ಕರೆಯುವಂತಿಲ್ಲ. ಬಹಳ ಹಿಂದೆಯೇ ಬರಬೇಕಿದ್ದ ನಿಯಮ ಅದು.

ಖಾಯಂ ಆದ ಮೇಲೆ ಕಾಯುವ ಪ್ರಶ್ನೆ ಇಲ್ಲ. ಮಾಡಬಹುದಾದ ಭಾಗಗಳನ್ನೆಲ್ಲ ಮಾಡಲೇಬೇಕು. ಮಾಡಬಾರದೆಂದು ಬರೆದದ್ದನ್ನು ಬಿಡಬೇಕು. ಓಟ ಒಂದನ್ನು ಮಾತ್ರ ಸುಮ್ನೆ ಬಿಡುವ ಹಾಗಿಲ್ಲ, ಅದರ ಬದಲು ಏನಾದರೊಂದು ಮಾಡಬೇಕು. ಉಸಿರು ಮತ್ತು ಹೃದಯದ ಶಕ್ತಿ ಅಳೆಯದೆ ಪರೀಕ್ಷೆ ಆಯಿತು ಎನ್ನುವುದಿಲ್ಲ ಸೇನೆ. ಅದು ಸರಿಯಾದ ಮಾತೇ. ಬದಲಿಗೆ ಇರುವುದು ನಾಲ್ಕು. ಎರಡೂವರೆ ಮೈಲಿ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್‌ನಲ್ಲಿ 12 ಕಿಲೋಮೀಟರ್, ಒಂದು ಕಿಲೋಮೀಟರ್ ಈಜು, ರೋಯಿಂಗ್ ಯಂತ್ರದಲ್ಲಿ 5 ಕಿಲೋಮೀಟರ್ ಹುಟ್ಟು ಹಾಕುವುದು. ಇವುಗಳಿಗೆ ಓಟದ ಹಾಗೆ ಸೆಕೆಂಡಿಗೊಂದು ಅಂಕ ಇಲ್ಲ. ಹೊತ್ತಿನೊಳಗೆ ಮುಗಿಸಿದರೆ ಪಾಸು, 60. ಮುಗಿಸದಿದ್ದರೆ ಫೇಲು. ಎಷ್ಟೇ ಬೇಗ ಮುಗಿಸಿದರೂ 61 ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಡಿಗೆ ಎಂದರೆ ಸುಲಭ ಎಂದು ಎಲ್ಲರೂ ಮೋಸಹೋಗುತ್ತಾರೆ. ಹಳೇ ಪರೀಕ್ಷೆಯಲ್ಲಿ 17ರಿಂದ 21 ವರ್ಷದ ಗಂಡಸರಿಗೆ ಇದ್ದದ್ದು 34 ನಿಮಿಷ. 2022ರ ಪಟ್ಟಿಯಲ್ಲಿ ಅದು 31ಕ್ಕೆ ಇಳಿಯಿತು. ಎರಡೂವರೆ ಮೈಲಿ ಅಂದರೆ ನಾಲ್ಕು ಕಿಲೋಮೀಟರ್ ಚಿಲ್ಲರೆ. ಬೆಳಗಿನ ವಾಕಿಂಗ್‌ಗೆ ಹೋಗುವವರು ಗಂಟೆಗೆ ಐದು ಕಿಲೋಮೀಟರ್ ನಡೆಯುತ್ತಾರೆ ಅಂದುಕೊಳ್ಳಿ, ಅವರಿಗೆ 48 ನಿಮಿಷ ಬೇಕು. 31 ನಿಮಿಷಕ್ಕೆ ಮುಗಿಸಲು ಗಂಟೆಗೆ ಸುಮಾರು 7.8 ಕಿಲೋಮೀಟರ್ ವೇಗ. ಆ ವೇಗದಲ್ಲಿ ದೇಹ ತಾನಾಗೇ ಓಡಲು ನೋಡುತ್ತದೆ. ಓಡಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಯಾವಾಗಲೂ ಒಂದು ಪಾದ ನೆಲದ ಮೇಲಿರಬೇಕು. ಸೊಂಟ ತಿರುವಿ, ಮೊಣಕಾಲು ನೆಟ್ಟಗೆ ಹೊಡೆದು ಹೋಗಬೇಕಾಗುತ್ತದೆ. ಹೊಲಿದ ಮೊಣಕಾಲಿಗೆ ಅದು ಮೆತ್ತನೆಯ ಕೆಲಸ ಅಲ್ಲ. ನನ್ನ ಹತ್ತಿರ ಬಂದವರಲ್ಲಿ ನಡಿಗೆ ಆರಿಸಿಕೊಂಡವರೇ ಜಾಸ್ತಿ ನರಳಿದ್ದಾರೆ.

ಅದೇ ಪಟ್ಟಿಯಲ್ಲಿ ಅದೇ ವಯಸ್ಸಿನವರಿಗೆ ಸೈಕಲ್ 26 ನಿಮಿಷ 25 ಸೆಕೆಂಡ್, ಈಜು ಮತ್ತು ರೋಯಿಂಗ್ ಎರಡಕ್ಕೂ 30 ನಿಮಿಷ 48 ಸೆಕೆಂಡ್. ಸೈಕಲ್ ಅಂದರೆ ಗಂಟೆಗೆ 27 ಕಿಲೋಮೀಟರ್. ತೊಡೆ ಉರಿಯುತ್ತದೆ, ಆದರೆ ಮೊಣಕಾಲಿಗೆ ಹೊಡೆತ ಬೀಳುವುದಿಲ್ಲ. ರೋಯಿಂಗ್‌ನಲ್ಲಿ 500 ಮೀಟರ್‌ಗೆ ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಗಟ್ಟಿ ಮೈಯ ಹುಡುಗನಿಗೆ ನಾಲ್ಕರಲ್ಲಿ ಇದೇ ಹಗುರ ಎಂದು ನನ್ನ ಅಭಿಪ್ರಾಯ. ಮೊಣಕಾಲು ಚೆನ್ನಾಗಿ ಮಡಚುವಂತಿರಬೇಕು ಅಷ್ಟೇ. ಈಜು ಕಾಲಿಗೆ ಬಹಳ ಒಳ್ಳೆಯದು, ಆದರೆ ಚಿಕ್ಕಂದಿನಿಂದ ಈಜಿ ಅಭ್ಯಾಸವಿಲ್ಲದವನು ಆರು ತಿಂಗಳಲ್ಲಿ ಕಿಲೋಮೀಟರ್ ಈಜಲು ಹೋಗಬಾರದು. ಮೊಣಕಾಲಿನ ಲಿಗಮೆಂಟ್ ಹೊಲಿಸಿಕೊಂಡವರಿಗೆ ನಾನು ಮೊದಲು ಸೈಕಲ್, ಮಡಚುವುದು ಸರಿಯಾದ ಮೇಲೆ ರೋಯಿಂಗ್ ಎನ್ನುತ್ತೇನೆ. ನಿಮ್ಮ ಮಗನ ಕಾಲು ನಾನು ನೋಡಿಲ್ಲ, ಹಾಗಾಗಿ ಅವನ ಫಿಸಿಯೋಥೆರಪಿಸ್ಟ್ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಈಗ ಆ 60 ಅಂಕದ ವಿಷಯ. ಇದನ್ನು ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ಮಗ ಎಲ್ಲದರಲ್ಲೂ ಡಿಸ್ಟಿಂಕ್ಷನ್ ತೆಗೆಯುವವನು. ಗಣಿತದ ಪರೀಕ್ಷೆಯ ದಿನ ಕೈ ಮುರಿದಿತ್ತು. ಬೋರ್ಡಿನವರು ಕರುಣೆಯಿಂದ ‘ಜಸ್ಟ್ ಪಾಸ್’ ಕೊಟ್ಟರು. ಫೇಲಾಗಲಿಲ್ಲ ಎಂಬ ಸಮಾಧಾನ ಇದೆ. ಆದರೆ ಕಾಲೇಜಿನ ಸೀಟಿಗೆ ಒಟ್ಟು ಅಂಕ ನೋಡುವಾಗ ಆ ಜಸ್ಟ್ ಪಾಸ್ ಇಡೀ ಮಾರ್ಕ್ಸ್ ಕಾರ್ಡನ್ನು ಕೆಳಗೆಳೆಯುತ್ತದೆ.

ಉದಾಹರಣೆಗೆ ಹೀಗೆ ಅಂದುಕೊಳ್ಳಿ, ಗಾಯಕ್ಕೆ ಮೊದಲು ಅವನಿಗೆ ಡೆಡ್‌ಲಿಫ್ಟ್‌ನಲ್ಲಿ 88, ಪುಷ್‌ಅಪ್‌ನಲ್ಲಿ 84, ಸ್ಪ್ರಿಂಟ್-ಡ್ರ್ಯಾಗ್-ಕ್ಯಾರಿಯಲ್ಲಿ 90, ಪ್ಲ್ಯಾಂಕ್‌ನಲ್ಲಿ 78, ಓಟದಲ್ಲಿ 92. ಒಟ್ಟು 432. ಈಗ ಓಡಬಾರದು ಎಂದರೆ ಸ್ಪ್ರಿಂಟ್-ಡ್ರ್ಯಾಗ್-ಕ್ಯಾರಿಯನ್ನೂ ಬೇಡ ಎಂದಿರುವ ಸಾಧ್ಯತೆ ಜಾಸ್ತಿ. ಅದರಲ್ಲಿ ಓಡಿ ಥಟ್ಟನೆ ತಿರುಗಬೇಕಲ್ವಾ, ಲಿಗಮೆಂಟ್ ಹರಿಯುವುದೇ ಅಲ್ಲಿ. ಓಟದ ಬದಲು ಮಾಡಿದ ಸೈಕಲ್‌ಗೆ 60. ಮಾಡಬಾರದೆಂದು ಬಿಟ್ಟ ಭಾಗಕ್ಕೂ ಬಡ್ತಿಯ ಲೆಕ್ಕದಲ್ಲಿ 60. ಉಳಿದ ಮೂರು ಹಾಗೇ ಇದ್ದರೆ ಒಟ್ಟು 370. ತೋಳಿನ ಬಲ ಒಂದು ಚೂರೂ ಕಮ್ಮಿಯಾಗಿಲ್ಲ, ಆದರೂ 62 ಅಂಕ ಹೋಯಿತು.

ಇದೇ ಲೆಕ್ಕವನ್ನು ಬೇರೆ ರೀತಿಯಲ್ಲೂ ಮಾಡಬಹುದು. ಅಮೆರಿಕದ ವಾಯುಪಡೆ ಬಹಳ ಕಾಲ ಮಾಡಿದ್ದು ಹಾಗೆಯೇ. ಮಾಡಬಾರದೆಂದ ಭಾಗವನ್ನು ಅವರು ಲೆಕ್ಕದಿಂದಲೇ ತೆಗೆಯುತ್ತಿದ್ದರು. ಮಾಡಿದ ಭಾಗಗಳಲ್ಲಿ ಸಿಗಬಹುದಾದ ಒಟ್ಟು ಅಂಕ ಎಷ್ಟು, ಅದರಲ್ಲಿ ಸಿಕ್ಕಿದ್ದು ಎಷ್ಟು, ಅದನ್ನು ನೂರಕ್ಕೆ ತಿರುಗಿಸುವುದು. ನಿಮ್ಮ ಮಗನ ಮೂರು ಭಾಗಕ್ಕೆ ಆ ಸೂತ್ರ ಹಾಕಿ ನೋಡಿ. 300ಕ್ಕೆ 250. ನೂರಕ್ಕೆ 83. ಅದನ್ನೇ 500ಕ್ಕೆ ಏರಿಸಿದರೆ ಸುಮಾರು 417. ಒಂದೇ ದೇಹ, ಒಂದೇ ಬೆಳಗಿನ ಬೆವರು. ಸೇನೆಯ ಸೂತ್ರದಲ್ಲಿ 370, ವಾಯುಪಡೆಯ ಸೂತ್ರದಲ್ಲಿ 417.

ಹಾಗಾದರೆ ವಾಯುಪಡೆಯದೇ ನ್ಯಾಯ ಅಂತ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಅಲ್ಲಿ ಏಟು ತಿಂದವರನ್ನೂ ಕಂಡೆ. 2021ರ ಜುಲೈನಲ್ಲಿ ವಾಯುಪಡೆ ಸೊಂಟದ ಅಳತೆಯನ್ನು ಅಂಕದಿಂದ ತೆಗೆದಾಗ ಓಟಕ್ಕೆ 60, ತೋಳಿಗೆ 20, ಹೊಟ್ಟೆ-ಬೆನ್ನಿನ ಬಲಕ್ಕೆ 20 ಎಂದು ಹಂಚಿತು. ಪಾಸಾಗಲು 75 ಬೇಕು. ಒಬ್ಬನಿಗೆ ಓಟದಲ್ಲಿ 52, ಉಳಿದೆರಡರಲ್ಲಿ 14 ಮತ್ತು 15 ಬರುತ್ತಿತ್ತು ಅನ್ನಿ. ಒಟ್ಟು 81, ಆರಾಮಾಗಿ ಪಾಸು. ಅವನ ಕಾಲಿಗೆ ಗಾಯವಾಗಿ ಓಟ ತೆಗೆದರು. ಈಗ 40ಕ್ಕೆ 29. ನೂರಕ್ಕೆ ತಿರುಗಿಸಿದರೆ 72.5. ಫೇಲು! ತೋಳು ಹಾಗೇ ಇದೆ, ಹೊಟ್ಟೆ ಹಾಗೇ ಇದೆ. ಓಟದ ಬಲದ ಮೇಲೆ ನಿಂತಿದ್ದವನಿಗೆ ಓಟ ಕಳೆದುಕೊಂಡಾಗ ನೆಲವೇ ಹೋಯಿತು. ಸೇನೆಯ 60 ಇಂಥವನನ್ನು ಕಾಪಾಡುತ್ತದೆ.

ನನಗೆ ಅರ್ಥವಾಗಿರುವುದು ಇಷ್ಟು. ಸೇನೆಯ ಸೂತ್ರ ಬೀಳದಂತೆ ಕೆಳಗೆ ಬಲೆ ಕಟ್ಟುತ್ತದೆ, ಆದರೆ ಅದೇ ಬಲೆ ಎತ್ತರದಲ್ಲಿದ್ದವನಿಗೆ ಚಾವಣಿಯೂ ಆಗುತ್ತದೆ. ಮೊದಲೇ 60ರ ಆಸುಪಾಸಿನಲ್ಲಿ ಓಡುತ್ತಿದ್ದವನಿಗೆ ಇದರಿಂದ ನಯಾಪೈಸೆ ನಷ್ಟವಿಲ್ಲ. ನಷ್ಟವಾಗುವುದು ನಿಮ್ಮ ಮಗನಂಥ ಚುರುಕಿನ ಹುಡುಗರಿಗೆ. ಇದು ನನಗೆ ಸರಿ ಕಾಣುವುದಿಲ್ಲ. ಸೈಕಲ್‌ಗೂ ರೋಯಿಂಗ್‌ಗೂ ಹೊತ್ತಿನ ಮೇಲೆ ಅಂಕ ಕೊಡುವ ಪಟ್ಟಿ ಮಾಡುವುದು ಕಷ್ಟದ ಕೆಲಸವಲ್ಲ. ಓಟಕ್ಕೆ ಮಾಡಿದ್ದಾರೆ, ಇದಕ್ಕೂ ಮಾಡಬಹುದು. ಕಷ್ಟಪಟ್ಟು 22 ನಿಮಿಷಕ್ಕೆ 12 ಕಿಲೋಮೀಟರ್ ತುಳಿದವನಿಗೂ, ಕೊನೇ ಸೆಕೆಂಡಿನಲ್ಲಿ ಮುಗಿಸಿದವನಿಗೂ ಒಂದೇ ಅಂಕ ಎಂದರೆ, ಗಾಯವಾದವನಿಗೆ ಇನ್ನು ಪ್ರಯತ್ನ ಬೇಡ ಎಂದು ಹೇಳಿದ ಹಾಗಾಗುತ್ತದೆ. ನಿಮ್ಮ ಮಗನ ದನಿ ಸಪ್ಪಗಾದದ್ದು ಇದಕ್ಕೇ ಇದ್ದರೆ, ಅವನ ಬೇಸರ ನ್ಯಾಯವಾದದ್ದು. ಅದನ್ನು ‘ಪಾಸಾಯ್ತಲ್ಲ ಬಿಡು’ ಎಂದು ತಳ್ಳಿಹಾಕಬೇಡಿ.

ಆದರೆ ಬಡ್ತಿಯ ಲೆಕ್ಕ ಫಿಟ್‌ನೆಸ್ ಒಂದರಲ್ಲೇ ಮುಗಿಯುವುದಿಲ್ಲ. ಸಾರ್ಜೆಂಟ್ ಆಗಲು ಬೇಕಾದ ಅಂಕಗಳ ಪಟ್ಟಿ ಒಟ್ಟು 800ರದ್ದು. ಫಿಟ್‌ನೆಸ್ ಅದರಲ್ಲಿ ಒಂದು ತುಂಡು. ಗುರಿ ಹೊಡೆಯುವುದು, ಪದಕಗಳು, ಸೇನೆಯ ಕೋರ್ಸುಗಳು, ಕಾಲೇಜಿನ ಓದು ಎಲ್ಲ ಸೇರುತ್ತವೆ. ಗುರಿ ಹೊಡೆಯಲು ಮೊಣಕಾಲು ಅಷ್ಟಾಗಿ ಬೇಕಿಲ್ಲ. ಕಾಲೇಜಿನ ಕ್ರೆಡಿಟ್‌ಗೆ ಬೇಕೇ ಇಲ್ಲ. ಕಾಲು ಸರಿಹೋಗುವವರೆಗೆ ಸಂಜೆಯ ಹೊತ್ತು ಖಾಲಿ ಕೂರುವ ಬದಲು ಆನ್‌ಲೈನ್‌ನಲ್ಲಿ ಎರಡು ವಿಷಯ ಓದಿದರೆ, ಹೋದ ಅಂಕದ ಒಂದು ಪಾಲು ಅಲ್ಲಿ ಸಿಗುತ್ತದೆ. ಇನ್ನೊಂದು ಪಾಲು ಪರೀಕ್ಷೆಯಲ್ಲೇ ಇದೆ. ಡೆಡ್‌ಲಿಫ್ಟ್, ಪುಷ್‌ಅಪ್, ಪ್ಲ್ಯಾಂಕ್ ಈ ಮೂರರಲ್ಲಿ ಅವನಿಗೆ ಇನ್ನೂ 50 ಅಂಕಕ್ಕೆ ಜಾಗವಿದೆ. ಪ್ಲ್ಯಾಂಕ್‌ನಲ್ಲಿ 78 ಇದ್ದವನು ದಿನಾ ಹತ್ತು ನಿಮಿಷ ಕೊಟ್ಟರೆ ಮೂರು ತಿಂಗಳಲ್ಲಿ ಮೇಲೆ ಹೋಗುತ್ತಾನೆ. ಮೊಣಕಾಲಿಗೆ ಅದರಿಂದ ಏನೂ ಭಾರವಿಲ್ಲ.

ಈ ಉತ್ತರದಲ್ಲಿ ಅವನು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ: ಅಂಕ ಕೊಡುವವರು ಕಾಲು ನೋಡುವುದಿಲ್ಲ, ಕಾಗದ ನೋಡುತ್ತಾರೆ. ಪ್ರೊಫೈಲ್‌ನಲ್ಲಿ ಪರೀಕ್ಷೆಯ ಒಂದೊಂದು ಭಾಗಕ್ಕೂ, ಬದಲಿ ನಾಲ್ಕಕ್ಕೂ ‘ಹೌದು’ ‘ಇಲ್ಲ’ ಇರುತ್ತದೆ. ವೈದ್ಯರಿಗೆ ಪುರುಸೊತ್ತಿಲ್ಲದ ದಿನ ಅದನ್ನು ಬೇಗ ಬೇಗ ತುಂಬಿಬಿಡುವುದುಂಟು. ಮೊಣಕಾಲು ಅಂದ ತಕ್ಷಣ ಡೆಡ್‌ಲಿಫ್ಟ್‌ಗೂ ‘ಇಲ್ಲ’ ಹಾಕಿದ ಕಾಗದಗಳನ್ನು ನೋಡಿದ್ದೇನೆ. ಅದು ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಆದರೆ ಆ ಒಂದು ಗುರುತಿನಿಂದ 88 ಅಂಕ ತೆಗೆಯುವವನಿಗೆ 60 ಸಿಗುತ್ತದೆ. ಇನ್ನೊಂದು ಕಡೆ ನಾಲ್ಕು ಬದಲಿಯಲ್ಲಿ ನಡಿಗೆಗೆ ಮಾತ್ರ ‘ಹೌದು’ ಹಾಕಿಟ್ಟರೆ, ಇರುವುದರಲ್ಲೇ ಕಷ್ಟದ್ದು ಅವನ ಪಾಲಿಗೆ ಬರುತ್ತದೆ. ಅವನು ವೈದ್ಯರ ಹತ್ತಿರ ಹೋಗುವಾಗ ಏನು ಮಾಡಲಾಗದು ಎಂಬುದನ್ನು ಮಾತ್ರ ಹೇಳಬಾರದು. ಏನು ಮಾಡಬಲ್ಲೆ, ಎಷ್ಟು ಭಾರ ನೋವಿಲ್ಲದೆ ಎತ್ತುತ್ತೇನೆ, ಎಷ್ಟು ಹೊತ್ತು ಸೈಕಲ್ ತುಳಿಯುತ್ತೇನೆ ಎಂದು ಬರೆದುಕೊಂಡು ಹೋಗಬೇಕು. ಫಿಸಿಯೋಥೆರಪಿಯ ದಾಖಲೆ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಖಾಯಂ ಎಂಬ ಪದ ಕೇಳಿ ಕಲ್ಲಿನ ಮೇಲೆ ಕೆತ್ತಿದ್ದಾರೆ ಅಂದುಕೊಳ್ಳಬೇಡಿ. ಕಾಲು ಸುಧಾರಿಸಿದರೆ ಅದನ್ನು ಮತ್ತೆ ನೋಡಿ ಬದಲಿಸಲು ಕೇಳಬಹುದು.

ಇದರ ಉಲ್ಟಾ ತಪ್ಪೂ ಇದೆ. ಅದು ಇನ್ನೂ ಕೆಟ್ಟದ್ದು. ಅಂಕದ ಆಸೆಗೆ ಪ್ರೊಫೈಲ್ ತೆಗೆಸಿಹಾಕಿ ಓಡುವುದು. ಸೇನೆಯಲ್ಲಿ ಪದೇ ಪದೇ ಆಸ್ಪತ್ರೆಗೆ ಹೋಗುವವರನ್ನು ‘ಸಿಕ್ ಕಾಲ್ ರೇಂಜರ್’ ಎಂದು ಹೀಯಾಳಿಸುತ್ತಾರೆ. 24ರ ವಯಸ್ಸಿನಲ್ಲಿ ಆ ಮಾತು ಚುಚ್ಚುತ್ತದೆ. ಒಬ್ಬ ಹುಡುಗ ನನ್ನ ಮುಂದೆ ಕೂತು ನೋವೇ ಇಲ್ಲ ಎಂದು ನಗುತ್ತಾ ಹೇಳಿದ್ದ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡದ್ದನ್ನು ನಾನು ಹಿಂದಿನಿಂದ ನೋಡಿದೆ. ಮೂರು ವಾರದ ನಂತರ ಅದೇ ಕಾಲು ಮತ್ತೆ ಹರಿಯಿತು. ಅವನ ‘2’, ‘3’ ಆಯಿತು. ಓಟದ 30 ಅಂಕಕ್ಕೆ ಅವನು ತೆತ್ತದ್ದು ಅಷ್ಟು. ಅವನನ್ನು ನಾನು ಬಯ್ಯಲಿಲ್ಲ, ಬಯ್ಯುವ ಮನಸ್ಸೂ ಬರಲಿಲ್ಲ. ಆದರೆ ಅಂದಿನಿಂದ ಪ್ರತಿಯೊಬ್ಬರನ್ನೂ ಮೆಟ್ಟಿಲು ಹತ್ತಿಸಿ ಇಳಿಸಿಯೇ ನೋಡುತ್ತೇನೆ.

ನೀವು ದೂರದಲ್ಲಿದ್ದು ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಅವನು ಫೋನ್ ಮಾಡಿದಾಗ ‘ಕಾಲು ಹೇಗಿದೆ’ ಅಂತ ಮಾತ್ರ ಕೇಳಬೇಡಿ, ‘ಪರವಾಗಿಲ್ಲ’ ಎಂಬ ಉತ್ತರ ಬಿಟ್ಟರೆ ಏನೂ ಸಿಗುವುದಿಲ್ಲ. ಕಾಗದ ಕೈಯಲ್ಲಿ ಹಿಡಿದುಕೋ ಮಗ, ಒಂದೊಂದೇ ಸಾಲು ಓದಿ ಹೇಳು ಎನ್ನಿ. ಡೆಡ್‌ಲಿಫ್ಟ್‌ಗೆ ಏನಿದೆ? ಪುಷ್‌ಅಪ್‌ಗೆ? ಪ್ಲ್ಯಾಂಕ್‌ಗೆ? ಸೈಕಲ್‌ಗೆ? ರೋಯಿಂಗ್‌ಗೆ? ಮಾಡಬಲ್ಲದ್ದಕ್ಕೆ ಎಲ್ಲಾದರೂ ‘ಇಲ್ಲ’ ಎಂದಿದ್ದರೆ ಪರೀಕ್ಷೆಯ ದಿನಕ್ಕೆ ಕಾಯದೆ ಈ ವಾರವೇ ವೈದ್ಯರ ಹತ್ತಿರ ಹೋಗಲಿ. ಸೈಕಲ್‌ಗೆ ‘ಹೌದು’ ಇದ್ದರೆ, ಪರೀಕ್ಷೆಗೆ ಬಳಸುವ ಅದೇ ಬಗೆಯ ಸೈಕಲ್‌ನಲ್ಲಿ ವಾರಕ್ಕೆ ಮೂರು ದಿನ ತುಳಿಯಲಿ. ಜಿಮ್‌ನ ಸೈಕಲ್ ಬೇರೆ ಬಿಗಿ, ಪರೀಕ್ಷೆಯ ಸೈಕಲ್ ಬೇರೆ ಬಿಗಿ ಇರುತ್ತದೆ. ಅಂದಿನ ದಿನ ಮೊದಲ ಸಲ ಹತ್ತಿ ಕೂತವರೇ ಹೊತ್ತು ಮೀರಿ ಫೇಲಾಗುವುದು.